ಮಜ್ಜಿಗೆ ಮಾರದ ಕಾಲದ ಮಕ್ಕಳು

ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಹೊರಬರುತ್ತಿರುವ ಸ್ಮರಣ ಸಂಚಿಕೆಗೆ "ನೀವು ಹಳಬರು, ನಿಮ್ಮ ಕಾಲದ್ದು ಏನಾದರೂ ಬರೆದುಕೊಡಿ" ಎಂದು ಸಂಚಿಕೆ ಸಮಿತಿಯ ಹುಡುಗರು ಕೇಳಿದರು. ಸಂಘದ ಜಮಾ-ಖರ್ಚು, ಅಧ್ಯಕ್ಷರು ಕಾರ್ಯದರ್ಶಿಗಳ ಪಟ್ಟಿ, ಕಟ್ಟಡದ ಫೋಟೋ ಇವೆಲ್ಲ ಬೇರೆ ಪುಟಗಳಲ್ಲಿ ಇರುತ್ತವೆ. ಆದ್ದರಿಂದ ಸಂಘ ಹುಟ್ಟುವುದಕ್ಕೂ ಬಹಳ ಮುಂಚೆ, ಅಂದರೆ 1955ರಿಂದ 1975ರ ತನಕದ ಇಪ್ಪತ್ತು ವರ್ಷಗಳಲ್ಲಿ ನಮ್ಮ ವಾರಗೆಯವರು ಈ ಊರಲ್ಲಿ ಹೇಗೆ ಬೆಳೆದೆವು, ಏನು ತಿಂದೆವು, ಯಾವ ಹಾಲು ಕುಡಿದೆವು ಎಂಬುದನ್ನು ನಾಲ್ಕು ಜನ ದೇವಸ್ಥಾನದ ಕಟ್ಟೆಯ ಮೇಲೆ ಕೂತು ನೆನಪು ಮಾಡಿಕೊಂಡು ಬರೆದಿದ್ದೇವೆ. ಒಬ್ಬರು ಮರೆತದ್ದನ್ನು ಇನ್ನೊಬ್ಬರು ಎತ್ತಿಕೊಟ್ಟರು. ಎರಡು ಕಡೆ ಜಗಳವೂ ಆಯಿತು. ಆ ಎರಡನ್ನೂ ಬಿಡದೆ ಸೇರಿಸಿದ್ದೇವೆ.

ಈಗಿನ ಭಾಷಣಗಳಲ್ಲಿ ಒಂದು ಮಾತು ತಪ್ಪದೆ ಬರುತ್ತದೆ. "ನಮ್ಮ ಹಿರಿಯರ ಕಾಲದಲ್ಲಿ ಹಳ್ಳಿಗಳಲ್ಲಿ ಹಾಲು ತುಪ್ಪದ ಹೊಳೆ ಹರೀತಿತ್ತು" ಅಂತ. ಚಪ್ಪಾಳೆಯೂ ಬೀಳುತ್ತದೆ. ಮುಂದಿನ ಸಾಲಿನಲ್ಲಿ ಕೂತ ನಮಗೆ ಮಾತ್ರ ನಗು ಬರುತ್ತದೆ. ಹೊಳೆ ಹಾಗಿರಲಿ, ಕಾಲುವೆಯೂ ಹರಿಯಲಿಲ್ಲ. ಊರಲ್ಲಿ ದನಗಳೇನೋ ಈಗಿನದಕ್ಕಿಂತ ಎಷ್ಟೋ ಹೆಚ್ಚಿದ್ದವು. ಸಂಜೆ ಗೋಮಾಳದಿಂದ ಮಂದೆ ತಿರುಗಿ ಬರುವಾಗ ಬೀದಿ ತುಂಬಾ ಧೂಳೆದ್ದು ಎದುರು ಮನೆ ಕಾಣುತ್ತಿರಲಿಲ್ಲ. ದನ ಇತ್ತು, ಹಾಲು ಇರಲಿಲ್ಲ. ನಾಟಿ ಹಸು ಕರು ಕುಡಿದು ಬಿಟ್ಟ ಮೇಲೆ ಹೊತ್ತಿಗೆ ಒಂದು ಸೇರು ಕರೆದರೆ ಅದು ಒಳ್ಳೆ ಹಸು, ನೆಂಟರು ಬಂದಾಗ ತೋರಿಸುವಂಥ ಹಸು. ಅಚ್ಚೇರು ಕೊಡುವವೇ ಜಾಸ್ತಿ. ಬೇಸಿಗೆ ಬಂತೆಂದರೆ ಅದೂ ಬತ್ತಿಹೋಗಿ ಕೊಟ್ಟಿಗೆಯಲ್ಲಿ ಸುಮ್ಮನೆ ನಿಂತಿರುತ್ತಿದ್ದವು. ಎಮ್ಮೆ ಇದ್ದವರನ್ನೇ 'ಹಾಲಿನವರು' ಅನ್ನುತ್ತಿದ್ದೆವು.

ಇದಕ್ಕೆ ಕಾರಣವಿದೆ. ನಮ್ಮ ತಿಪಟೂರು, ಚಿಕ್ಕನಾಯಕನಹಳ್ಳಿ, ಅರಸೀಕೆರೆ ಸೀಮೆಯಲ್ಲಿ ದನ ಸಾಕಿದ್ದು ನೊಗಕ್ಕೆ, ಚೆಂಬಿಗಲ್ಲ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳನ್ನು ನೋಡಿಕೊಳ್ಳುವುದಕ್ಕೆ 'ಬೆಣ್ಣೆ ಚಾವಡಿ' ಎಂಬ ಇಲಾಖೆ ಇತ್ತು. ಅದಕ್ಕೆ ಟಿಪ್ಪು ಸುಲ್ತಾನ 'ಅಮೃತಮಹಲ್' ಎಂದು ಹೆಸರಿಟ್ಟ. ಎರಡು ಹೆಸರೂ ಕೇಳುವುದಕ್ಕೆ ಬೆಣ್ಣೆ, ಅಮೃತ. ಆದರೆ ಆ ತಳಿ ಹೆಸರು ಮಾಡಿದ್ದು ಫಿರಂಗಿ ಎಳೆಯುವ, ಸೈನ್ಯದ ಸಾಮಾನು ಹೊರುವ ಎತ್ತುಗಳಿಂದ. ಅವುಗಳು ಮೇಯಲು ಬಿಟ್ಟ ಕಾವಲುಗಳು ತುಮಕೂರು, ಹಾಸನ, ಚಿಕ್ಕಮಗಳೂರು, ಚಿತ್ರದುರ್ಗ ಜಿಲ್ಲೆಗಳಲ್ಲಿ ಇವತ್ತಿಗೂ ಆ ಹೆಸರಿನಲ್ಲೇ ಇವೆ. ನಮ್ಮ ಊರಿನ ಹಸುಗಳು ಅಂಥ ಸೀಮೆಯವು. ಹೋರಿಗರು ಹಾಕಿದರೆ ಮನೆಯಲ್ಲಿ ಹಬ್ಬ. ಅದಕ್ಕೆ ಮೊಲೆ ಪೂರ್ತಿ ಬಿಟ್ಟುಬಿಡುವರು. ಮನೆ ಮಕ್ಕಳಿಗಿಂತ ಹೋರಿಗರುವಿಗೆ ಹಾಲು ಹೆಚ್ಚು ಸಿಕ್ಕಿದೆ ಅಂದರೆ ಈಗಿನ ಮಕ್ಕಳು ನಂಬಲಿಕ್ಕಿಲ್ಲ. ಅದು ದುಡಿದು ಮನೆ ಸಾಕುವ ಮಗ, ನಾವು ಬರೀ ತಿನ್ನುವ ಮಕ್ಕಳು!

ಹಾಗಾದರೆ ನಾವು ಕುಡಿದದ್ದೇನು? ಮಜ್ಜಿಗೆ. ಸಿಕ್ಕ ಅಷ್ಟೋ ಇಷ್ಟೋ ಹಾಲನ್ನು ಕಾಯಿಸಿ ಹೆಪ್ಪು ಹಾಕಿ ನೆಲುವಿನ ಮೇಲೆ ಇಡುವರು. ಎರಡು ಮೂರು ದಿನದ್ದು ಕೂಡಿದ ಮೇಲೆ ಕೋಳಿ ಕೂಗುವ ಹೊತ್ತಿಗೆ ಅಜ್ಜಿ ಎದ್ದು ಕಂಬಕ್ಕೆ ಹಗ್ಗ ಬಿಗಿದು ಕಡೆಯಲು ಕೂರುತ್ತಿದ್ದಳು. ಆ ಕಡಗೋಲಿನ ಸದ್ದೇ ನಮಗೆ ಗಡಿಯಾರ. ಬೆಣ್ಣೆ ಬಿದ್ದ ಮೇಲೆ ಅಂಗೈಗೆ ಒಂದು ಗೋಲಿ ಗಾತ್ರದ ಬೆಣ್ಣೆ ಇಡುವಳು. ನೆಕ್ಕಿ ಮುಗಿಸಿ ಇನ್ನೊಂದು ಕೈ ಚಾಚಿದರೆ ಕಡಗೋಲಿನಲ್ಲೇ ಏಟು. ಆಮೇಲೆ ಗಡಿಗೆ ತುಂಬಾ ನೀರು ಬಿಟ್ಟು ಮಜ್ಜಿಗೆ ಮಾಡುವಳು. ಬೆಳಗಿನ ತಂಗಳು ಹಿಟ್ಟಿಗೆ ಅದೇ, ಅಂಬಲಿಗೂ ಅದೇ, ಬಿಸಿಲಲ್ಲಿ ಬಂದವರ ಬಾಯಾರಿಕೆಗೂ ಅದೇ.

ಕಡೆದ ದಿನ ಅಕ್ಕಪಕ್ಕದ ಮನೆಗಳಿಂದ ಚೆಂಬು ಹಿಡಿದ ಮಕ್ಕಳು ಬಂದು ನಿಲ್ಲುವರು. "ಅಜ್ಜೀ, ನಮ್ಮವ್ವ ಒಂಚೂರು ಮಜ್ಜಿಗೆ ಇಸ್ಕಂಡ್ ಬಾ ಅಂದ್ಲು." ಇಲ್ಲ ಅನ್ನುವ ಪದ್ಧತಿ ಇರಲಿಲ್ಲ. ಇನ್ನಷ್ಟು ನೀರು ಬೆರೆಸಿಯಾದರೂ ಹುಯ್ಯುವರು. ನಾಳೆ ಅವರ ಮನೆಯಲ್ಲಿ ಕಡೆಯುತ್ತಾರೆ, ಆವಾಗ ನಮ್ಮ ಚೆಂಬು ಅಲ್ಲಿಗೆ ಹೋಗುತ್ತದೆ. ಮಜ್ಜಿಗೆಗೆ ಕಾಸು ಇಸಿದುಕೊಂಡರೆ ಕೊಟ್ಟಿಗೆಯಲ್ಲಿ ಕರು ಉಳಿಯುವುದಿಲ್ಲ ಅಂತ ನಂಬಿಕೆ. ಬೆಂಕಿಯೂ ಹಾಗೇ. ಕಡ್ಡಿಪೆಟ್ಟಿಗೆ ಉಳಿಸುವುದಕ್ಕೆ ಪಕ್ಕದ ಮನೆ ಒಲೆಯಿಂದ ಬೆರಣಿ ಚೂರಿನ ಮೇಲೆ ಕೆಂಡ ತರುವುದು ಹುಡುಗಿಯರ ಕೆಲಸ. ಹೊಲದಲ್ಲಿ ಮುಯ್ಯಾಳು. ನಿಮ್ಮ ನಾಟಿಗೆ ನಾವು, ನಮ್ಮ ಕಳೆಗೆ ನೀವು. ಕೈಗೆ ದುಡ್ಡು ಬರದಿದ್ದ ಊರು ಹೀಗೆ ಕೊಟ್ಟು ತಂದು ನಡೆಯುತ್ತಿತ್ತು.

ಇಲ್ಲಿಗೆ ನಿಲ್ಲಿಸಿದ್ದರೆ ಲೇಖನ ಸೊಗಸಾಗಿರುತ್ತಿತ್ತು. ಆದರೆ ಈ ಬರಹಕ್ಕೆ ಕೂತ ನಾಲ್ವರಲ್ಲಿ ಒಬ್ಬರು ಊರಾಚೆಯ ಕೇರಿಯಲ್ಲಿ ಹುಟ್ಟಿ ಬೆಳೆದವರು. ಅವರು ಈ ಭಾಗ ಓದಿಸಿಕೊಂಡು ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಜ್ಜಿಗೆ ಪುಕ್ಕಟೆ ಇತ್ತು ಅಂತ ಬರೀರಿ, ಬೇಡ ಅನ್ನಲ್ಲ. ಎಷ್ಟು ಎತ್ತರದಿಂದ ಹುಯ್ತಿದ್ರು ಅನ್ನೋದನ್ನೂ ಬರೀರಿ" ಅಂದರು. ಮೊದಲ ಜಗಳ ಇಲ್ಲೇ ಆದದ್ದು. "ರಜತ ಮಹೋತ್ಸವದ ಪುಸ್ತಕದಲ್ಲಿ ಇದೆಲ್ಲ ಯಾಕೆ?" ಅಂದರು ಇನ್ನೊಬ್ಬರು. ಬರೆಯಲೇಬೇಕು ಅಂತ ತೀರ್ಮಾನವಾಯಿತು. ಆ ಕೇರಿಯ ಮಕ್ಕಳು ಚೆಂಬು ತಂದು ಹಿತ್ತಲ ಬೇಲಿಯ ಹೊರಗೆ ಇಟ್ಟು ದೂರ ನಿಲ್ಲಬೇಕಿತ್ತು. ಒಳಗಿನವರು ಬಂದು ಚೆಂಬು ಮುಟ್ಟದ ಹಾಗೆ ಕೈ ಎತ್ತಿ ಮೇಲಿಂದ ಹುಯ್ಯುವರು. ಅರ್ಧ ಚೆಂಬಿಗೆ, ಅರ್ಧ ಮಣ್ಣಿಗೆ. ಸೇದುವ ಬಾವಿಯಲ್ಲೂ ಹಾಗೇ. ಅವರಾಗಿ ಸೇದುವ ಹಾಗಿರಲಿಲ್ಲ, ಯಾರಾದರೂ ಸೇದಿ ಹುಯ್ಯುವ ತನಕ ಬಿಂದಿಗೆ ಇಟ್ಟುಕೊಂಡು ಕಾಯಬೇಕು. ಅಸ್ಪೃಶ್ಯತೆ ಅಪರಾಧ ಎಂಬ ಕಾನೂನು 1955ರಲ್ಲೇ ಆಗಿತ್ತು. ನಮ್ಮೂರಿನ ಬಾವಿಕಟ್ಟೆಗೆ ಆ ಸುದ್ದಿ ತಲುಪಲು ಬಹಳ ವರ್ಷ ಹಿಡಿಯಿತು.

ಮಜ್ಜಿಗೆ ಮಾರಲಿಲ್ಲ ಸರಿ, ಬೆಣ್ಣೆ ಏನಾಯಿತು? ಅದು ನಮ್ಮ ಹೊಟ್ಟೆಗೆ ಬಿದ್ದದ್ದು ಆ ಗೋಲಿ ಗಾತ್ರದ್ದೇ. ಮಿಕ್ಕಿದ್ದನ್ನು ಕಾಯಿಸಿ ತುಪ್ಪ ಮಾಡಿ, ತಗಡಿನ ಡಬ್ಬಿಗೆ ತುಂಬಿ ತಿಪಟೂರಿಗೆ ಒಯ್ಯುವರು. ಮನೆಯಲ್ಲಿ ಕೊಬ್ಬರಿ ಬಿಟ್ಟರೆ ದುಡ್ಡಿನ ಮುಖ ತೋರಿಸುತ್ತಿದ್ದದ್ದು ತುಪ್ಪ ಒಂದೇ. ಪೇಟೆಯಲ್ಲಿ ಒಬ್ಬ ಸಾಹುಕಾರರು (ಹೆಸರು ಬೇಡ) ಬೆರಳು ಅದ್ದಿ ಮೂಸಿ, ಮೂಗು ಮುರಿದು, ಅವರೇ ದರ ಕಟ್ಟುವರು. ನಮ್ಮ ತಂದೆಯವರಿಗೆ ಕೈಗೆ ಕಾಸು ಸಿಕ್ಕಿದ್ದು ಕಡಿಮೆ. ಹಿಂದಿನ ವರ್ಷ ಬಿತ್ತನೆಗೆ ತಂದ ಸಾಲದ ಬಡ್ಡಿಗೆ ತುಪ್ಪ ಜಮಾ ಆಗುತ್ತಿತ್ತು. ಅಸಲು ಎಷ್ಟು, ಬಡ್ಡಿ ಎಷ್ಟು ಅಂತ ಕೇಳಲು ಓದು ಬರುತ್ತಿರಲಿಲ್ಲ. ಓದು ಬಂದವರಿಗೆ ಕೇಳುವ ಧೈರ್ಯ ಇರಲಿಲ್ಲ. ಸಂತೆಯಿಂದ ಗಾಡಿ ಬರುವ ದಾರಿ ಕಾಯುತ್ತಾ ಕೂತಿರುವ ನಮಗೆ ಒಂದು ಪೊಟ್ಟಣ ಕಡ್ಲೆಪುರಿ, ಬತ್ತಾಸು ಸಿಕ್ಕರೆ ಆ ವಾರ ತುಪ್ಪಕ್ಕೆ ಒಳ್ಳೆ ದರ ಬಂದಿದೆ ಅಂತ ಅರ್ಥ.

ದುಡ್ಡಿನ ವಿಷಯ ಬಂತು, ಒಂದು ತಮಾಷೆ ಹೇಳಲೇಬೇಕು. 1957ರ ಏಪ್ರಿಲ್ 1ರಿಂದ ನಯಾಪೈಸೆ ಬಂತು. ಅಲ್ಲಿಯವರೆಗೆ ರೂಪಾಯಿಗೆ 16 ಆಣೆ, ಆಣೆಗೆ 4 ಪೈಸೆ, ಪೈಸೆಗೆ 3 ಕಾಸು. ಒಟ್ಟು ರೂಪಾಯಿಗೆ 192 ಕಾಸು. ಹೊಸ ಲೆಕ್ಕದಲ್ಲಿ ರೂಪಾಯಿಗೆ 100 ನಯಾಪೈಸೆ. ಒಂದಾಣೆಗೆ ಆರೂಕಾಲು ಆಗುತ್ತದೆ. ಕಾಲು ನಯಾಪೈಸೆಯ ಬಿಲ್ಲೆ ಎಲ್ಲಿದೆ? ಹಾಗಾಗಿ ಒಂದಾಣೆ ಸಾಮಾನಿಗೆ 6 ಕೊಟ್ಟರೆ ಸಾಕು, ಆದರೆ ನಾಲ್ಕಾಣೆ ಸಾಮಾನಿಗೆ 25 ಕೊಡಬೇಕು. ನಮ್ಮಲ್ಲಿ ದೊಡ್ಡ ಹುಡುಗರು ನಾಲ್ಕಾಣೆ ಬೆಲ್ಲವನ್ನು ಒಂದೊಂದಾಣೆಯಂತೆ ನಾಲ್ಕು ಸಲ ಹೋಗಿ ತಂದು ಒಂದು ನಯಾಪೈಸೆ ಉಳಿಸಿ ಪೆಪ್ಪರಮೆಂಟು ತಿನ್ನುತ್ತಿದ್ದರು. ಅಂಗಡಿ ಶೆಟ್ಟರಿಗೆ ಮೂರನೇ ಸಲಕ್ಕೆ ಗೊತ್ತಾಗಿ ಅಟ್ಟಿಸಿಕೊಂಡು ಬಂದದ್ದೂ ಉಂಟು. 1964ರಲ್ಲಿ 'ನಯಾ' ಹೋಗಿ ಬರೀ ಪೈಸೆ ಆಯಿತು. ಆದರೂ 25 ಪೈಸೆಯನ್ನು 'ನಾಲ್ಕಾಣೆ' ಎನ್ನುವುದು ಹೋಗಲಿಲ್ಲ. 2011ರ ಜೂನ್ 30ಕ್ಕೆ ಸರ್ಕಾರ ಆ ನಾಣ್ಯವನ್ನೇ ನಿಲ್ಲಿಸಿದ ಮೇಲೆ ನಾಲ್ಕಾಣೆ ಸತ್ತಿತು. ಅಳತೆಯೂ ಹೀಗೇ. 1960ರ ದಶಕದ ಆರಂಭದಲ್ಲಿ ಕಿಲೋ, ಲೀಟರು ಕಡ್ಡಾಯವಾದವು. ಅಂಗಡಿಯಲ್ಲಿ ಕಿಲೋ ಬಂದರೂ ಅಡುಗೆ ಮನೆಯಲ್ಲಿ ಸೇರು, ಪಾವು, ಚಟಾಕು ಹಾಗೇ ಉಳಿದವು. ಕಣದಲ್ಲಿ ರಾಗಿ ಅಳೆಯಲು 20 ಕೊಳಗಕ್ಕೆ ಒಂದು ಖಂಡುಗವೇ. ಮೊದಲ ಕೊಳಗಕ್ಕೆ 'ಒಂದು' ಅನ್ನದೆ 'ಲಾಭ' ಅಂತ ಎಣಿಸಲು ಶುರು ಮಾಡುತ್ತಿದ್ದದ್ದು ಹಿರಿಯರಿಗೆಲ್ಲ ನೆನಪಿರಬೇಕು.

ಶಾಲೆ ಒಂದೇ ಕೋಣೆ, ಒಬ್ಬರೇ ಮೇಷ್ಟ್ರು, ನಾಲ್ಕು ತರಗತಿ. ಶನಿವಾರ ಬೆಳಗ್ಗೆ ಹುಡುಗಿಯರು ಸಗಣಿಯಿಂದ ನೆಲ ಸಾರಿಸುವುದು, ಹುಡುಗರು ಇದ್ದಿಲಿಗೆ ಸೊಪ್ಪಿನ ರಸ ಅರೆದು ಬೋರ್ಡಿಗೆ ಕಪ್ಪು ಬಳಿಯುವುದು. ಮಧ್ಯಾಹ್ನ ಮೇಲೆ ಮಗ್ಗಿ. ಕಾಲು, ಅರೆ, ಮುಕ್ಕಾಲಿನ ಮಗ್ಗಿಯೂ ಬರಬೇಕಿತ್ತು. ನಮಗೆ ಹಸಿವಿನಲ್ಲಿ ಮಗ್ಗಿ ಬಾಯಿಗೆ ಬರುತ್ತಿರಲಿಲ್ಲ, ಕಣ್ಣೆಲ್ಲ ಕಿಟಕಿಯಾಚೆ. ಯಾಕೆಂದರೆ 1960ರ ದಶಕದಲ್ಲಿ ಶಾಲೆಗೆ ಹಾಲು ಬಂತು.

ಆ ಹಾಲು ನಮ್ಮ ಊರಿನ ಹಸುವಿನದಲ್ಲ, ಅಮೆರಿಕದ್ದು. 'ಕೇರ್' ಎಂಬ ಸಂಸ್ಥೆಯ ಮೂಲಕ ಹಾಲಿನ ಪುಡಿ, ಉಪ್ಪಿಟ್ಟಿನ ನುಚ್ಚು, ಅಡುಗೆ ಎಣ್ಣೆ ಬರುತ್ತಿತ್ತು. ಚೀಲದ ಮೇಲೆ ಎರಡು ಕೈಗಳು ಕುಲುಕುವ ಚಿತ್ರ. ಮೇಷ್ಟ್ರು ದೊಡ್ಡ ಹಂಡೆಯಲ್ಲಿ ನೀರು ಕಾಯಿಸಿ ಪುಡಿ ಹಾಕಿ ತೆಂಗಿನ ಮಟ್ಟೆಯಿಂದ ತಿರುವುವರು. ಗಂಟು ಗಂಟಾದ ಹಾಲು, ಒಂಥರಾ ವಾಸನೆ. ಮೊದಲ ವಾರ ಅರ್ಧ ಶಾಲೆಗೆ ಹೊಟ್ಟೆ ಕೆಟ್ಟಿತು. ಆಮೇಲೆ ಅಭ್ಯಾಸವಾಗಿ, ಲೋಟದ ತಳದಲ್ಲಿ ಉಳಿದ ಗಂಟಿಗೆ ಜಗಳ ಆಡುವಷ್ಟು ರುಚಿ ಹತ್ತಿತು. ಪುಡಿಯನ್ನೇ ಕದ್ದು ಬಾಯಿಗೆ ಹಾಕಿಕೊಂಡರೆ ಅಂಗಳಕ್ಕೆ ಅಂಟಿಕೊಂಡು ಮಾತು ಬರುತ್ತಿರಲಿಲ್ಲ. ಮೇಷ್ಟ್ರು "ಏಳ್ಳೊಂದ್ಲಿ?" ಅಂದಾಗ ಯಾರು ಬಾಯಿ ಬಿಡುವುದಿಲ್ಲವೋ ಅವನೇ ಕಳ್ಳ. ಖಾಲಿ ಚೀಲದ ಬಟ್ಟೆಯಲ್ಲಿ ಚಡ್ಡಿ ಹೊಲಿಸಿಕೊಂಡವರೂ ಇದ್ದರು. ಕೈ ಕುಲುಕುವ ಚಿತ್ರ ಎಲ್ಲಿ ಬಂದಿತ್ತು ಎಂದು ಇಲ್ಲಿ ಬರೆಯುವುದು ಬೇಡ. ನೂರಾರು ದನಗಳಿದ್ದ ಊರಿನ ಮಕ್ಕಳು ಸಮುದ್ರದಾಚೆಯಿಂದ ಹಡಗಿನಲ್ಲಿ ಬಂದ ಹಾಲು ಕುಡಿದು ಬೆಳೆದೆವು. ಭಾಷಣದ ಹಾಲಿನ ಹೊಳೆಗೆ ನಮ್ಮ ಉತ್ತರ ಇದೇ.

ಅದೇ ಉಪ್ಪಿಟ್ಟಿನ ಸಾಲಿನಲ್ಲಿ ಇನ್ನೊಂದು ನಡೆಯಿತು. ಎಲ್ಲ ಕೇರಿಯ ಮಕ್ಕಳೂ ಒಂದೇ ಸಾಲಿನಲ್ಲಿ ಕೂತು, ಒಂದೇ ಹಂಡೆಯದ್ದು ತಿಂದದ್ದು ನಮ್ಮೂರಿನಲ್ಲಿ ಅದೇ ಮೊದಲು. ಕೆಲವು ಮನೆಗಳಲ್ಲಿ "ಮುಟ್ಟಬೇಡ, ಬುತ್ತಿ ತಗೊಂಡ್ಹೋಗು" ಅಂತ ಕಟ್ಟಪ್ಪಣೆ ಆಯಿತು. ಆದರೆ ಬಿಸಿ ಉಪ್ಪಿಟ್ಟಿನ ವಾಸನೆ ಎದುರು ತಣ್ಣಗಿನ ಮುದ್ದೆ ಎಷ್ಟು ದಿನ ನಿಲ್ಲುತ್ತದೆ? ಮನೆಗೆ ಹೇಳಲಿಲ್ಲ, ತಿಂದೆವು.

1965 ಮತ್ತು 1966 ಎರಡು ವರ್ಷ ದೇಶದಲ್ಲಿ ಮಳೆ ಕೈಕೊಟ್ಟಿತು. ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಸೋಮವಾರ ರಾತ್ರಿ ಊಟ ಬಿಡಿ ಎಂದು ಜನರನ್ನು ಕೇಳಿದ್ದು ಆಗಲೇ. ಪಂಚಾಯಿತಿ ರೇಡಿಯೋದಲ್ಲಿ ಅದನ್ನು ಕೇಳಿ ಬಂದ ಒಬ್ಬರು ಹೇಳಿದಾಗ ನಮ್ಮ ಅಜ್ಜಿ, "ಸೋಮವಾರ ಒಂದೇನಾ? ಹಂಗಾದ್ರೆ ಮಿಕ್ಕಿದ್ ದಿನ ಅವ್ರೇ ಕೊಡ್ತಾರೇನು?" ಅಂದಿದ್ದಳು. ಅಮೆರಿಕದ ಗೋಧಿ, ಕೆಂಪು ಜೋಳ ರೇಷನ್ನಿಗೆ ಬಂತು. ರಾಗಿ ಹಿಟ್ಟು ತಿಂದ ಬಾಯಿ ನಮ್ಮದು. ಗೋಧಿಯನ್ನು ಏನು ಮಾಡಬೇಕೆಂದು ತಿಳಿಯದೆ ಹೆಂಗಸರು ಬೀಸಿ ಮುದ್ದೆ ಕಟ್ಟಿದರು. ತಟ್ಟೆಗೆ ಅಂಟಿದ್ದು ಬರಲಿಲ್ಲ. ಆ ವರ್ಷ ಕೆರೆಯಂಗಳ ಬಿರುಕು ಬಿಟ್ಟು, ಹುಲ್ಲಿನ ಬಣವೆ ಮುಗಿದು, ಎಷ್ಟೋ ಮನೆಯವರು ದನಗಳನ್ನು ಬಂದ ಬೆಲೆಗೆ ಹೊಡೆದರು. ಸಾಕಿದ ಹಸು ಸಂತೆಯಿಂದ ಹಗ್ಗ ಕಿತ್ತುಕೊಂಡು ರಾತ್ರಿ ಮನೆ ಬಾಗಿಲಿಗೆ ಬಂದು ನಿಂತದ್ದನ್ನು ಕಂಡ ಮನೆಗಳು ಇನ್ನೂ ಊರಲ್ಲಿವೆ.

ರಾಗಿಯ ಕಷ್ಟ ಮುಂದೆ ತೀರಿತು. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಕೂಡಿಸಿ ತೆಗೆದ 'ಇಂಡಾಫ್' ತಳಿಗಳು 1970ರ ದಶಕದಲ್ಲಿ ಬಂದು ಎಕರೆಗೆ ಬರುವ ರಾಗಿಯ ಲೆಕ್ಕವೇ ಬದಲಾಯಿತು. 'ರಾಗಿ ಲಕ್ಷ್ಮಣಯ್ಯ' ಎಂದೇ ಅವರನ್ನು ಕರೆದರು. ಹಾಲಿಗೆ ಕುರಿಯನ್ ಅವರ ಹೆಸರು ಎಲ್ಲರಿಗೂ ಗೊತ್ತು, ರಾಗಿಗೆ ಈ ಹೆಸರು ನಮ್ಮ ಮಕ್ಕಳಿಗೆ ಗೊತ್ತಿಲ್ಲ. ಗೊತ್ತಿರಬೇಕಿತ್ತು.

ಆಟಪಾಟಗಳ ಬಗ್ಗೆ ಬರೆಯಿರಿ ಎಂದು ಹುಡುಗರು ಹೇಳಿದ್ದರು. ಚಿನ್ನಿದಾಂಡು, ಬುಗುರಿ, ಮರಕೋತಿ, ಕುಂಟೆಬಿಲ್ಲೆ, ಚೌಕಾಬಾರ. ಇವೆಲ್ಲ ಎಲ್ಲ ಸ್ಮರಣ ಸಂಚಿಕೆಗಳಲ್ಲೂ ಬಂದಿವೆ. ಟೆಂಟ್ ಸಿನಿಮಾಕ್ಕೆ ಗಾಡಿ ಕಟ್ಟಿಕೊಂಡು ಹೋಗಿ ನೆಲದ ಮೇಲೆ ಮರಳು ಗುಡ್ಡೆ ಮಾಡಿಕೊಂಡು ಕೂತದ್ದೂ ಬಂದಿದೆ. 1972ರಲ್ಲಿ ರಾಜಕುಮಾರ್ ಅವರ 'ಬಂಗಾರದ ಮನುಷ್ಯ' ಬಂದಾಗ ಊರಿಗೂರೇ ನೋಡಿ ಬಂದು, ಪೇಟೆಯಲ್ಲಿ ಕೆಲಸ ಹುಡುಕಲು ಹೊರಟಿದ್ದ ಇಬ್ಬರು ಟ್ರಂಕು ಇಳಿಸಿ ಬಾವಿ ತೋಡಲು ನಿಂತರು. ಒಬ್ಬರಿಗೆ ನೀರು ಬಿತ್ತು, ಇನ್ನೊಬ್ಬರಿಗೆ ಬಂಡೆ ಬಿತ್ತು. ಇಷ್ಟು ಸಾಕು.

ಆಟದ ಪಟ್ಟಿ ಬರೆಯಲು ಮನಸ್ಸು ಬಾರದಿರುವುದಕ್ಕೆ ಬೇರೆ ಕಾರಣವಿದೆ. ನಾವು ಆಡುವಾಗ ಆಡದೆ ಇದ್ದವರು ಇದ್ದರು. ಎರಡನೇ ಜಗಳ ಈ ವಿಷಯಕ್ಕೇ. "ಬಾಲ್ಯ ಅಂದ್ರೆ ಎಷ್ಟು ಚಂದ ಇತ್ತು" ಅಂತ ಒಬ್ಬರು, "ಯಾರ ಬಾಲ್ಯ?" ಅಂತ ಇನ್ನೊಬ್ಬರು. ನಮ್ಮ ಜೊತೆ ಒಂದನೇ ತರಗತಿಗೆ ಸೇರಿ ಕಾಲುಮಗ್ಗಿಯನ್ನು ಎಲ್ಲರಿಗಿಂತ ಮೊದಲು ಒಪ್ಪಿಸಿದ ಹುಡುಗ ಮೂರನೇ ತರಗತಿಗೆ ಬರಲಿಲ್ಲ. ಅವರಪ್ಪ ಒಂದು ಮದುವೆಗೆ ತಂದ ಸಾಲಕ್ಕೆ ಆ ಯುಗಾದಿಗೆ ಅವನನ್ನು ಜೀತಕ್ಕೆ ಬಿಟ್ಟಿದ್ದರು. ಯುಗಾದಿಯಿಂದ ಯುಗಾದಿಗೆ ಲೆಕ್ಕ. ಇಷ್ಟು ರಾಗಿ, ಒಂದು ಕಂಬಳಿ, ಒಂದು ಜೊತೆ ಎಕ್ಕಡ. ಹೊಟ್ಟೆಗೆ ಅವರ ಮನೆಯಲ್ಲೇ, ಕೊಟ್ಟಿಗೆಯಲ್ಲೇ ಮಲಗುವುದು. ನಾವು ಸ್ಲೇಟು ಹಿಡಿದು ಶಾಲೆಗೆ ಹೋಗುವಾಗ ಅವನು ದನ ಹೊಡೆದುಕೊಂಡು ಎದುರು ಬರುವನು. ಮೊದಮೊದಲು ನಿಂತು ಮಾತಾಡುವೆವು, ಆಮೇಲೆ ಆಮೇಲೆ ಅವನೇ ಮುಖ ತಿರುಗಿಸಿಕೊಂಡು ಹೋಗತೊಡಗಿದ. ಹಾಲು ಕರೆಯುವುದರಲ್ಲಿ ಅವನಷ್ಟು ಹದ ಕೈ ಊರಲ್ಲಿ ಇರಲಿಲ್ಲ. ಒದೆಯುವ ಹಸುವೂ ಅವನಿಗೆ ನಿಲ್ಲುತ್ತಿತ್ತು. ದಿನಾ ಕರೆದ ಹಾಲಿನಲ್ಲಿ ಅವನಿಗೊಂದು ಲೋಟ ಯಾರೂ ಕೊಟ್ಟದ್ದಿಲ್ಲ.

ಹುಡುಗಿಯರದ್ದು ಬೇರೆ ಜೀತ. ಕಂಕುಳಲ್ಲಿ ತಮ್ಮನೋ ತಂಗಿಯೋ, ಕೈಯಲ್ಲಿ ಬಿಂದಿಗೆ. ನಾಲ್ಕನೇ ತರಗತಿ ದಾಟಿದವರು ನಮ್ಮ ವಾರಗೆಯಲ್ಲಿ ಇಬ್ಬರೇ. ಇನ್ನು ಹೆತ್ತವರ ಸಂಕಟ. ಎಂಟು ಹೆತ್ತು ಐದು ಉಳಿದರೆ ಪುಣ್ಯವಂತೆ ಅನ್ನುವ ಕಾಲ. ಕೆಮ್ಮು, ದಡಾರ, ವಾಂತಿಭೇದಿಗೆ ಹೋದ ಅಣ್ಣನೋ ಅಕ್ಕನೋ ಪ್ರತಿ ಮನೆಯಲ್ಲೂ ಇದ್ದರು. ಅವರಿಗೆ ಫೋಟೋ ಇಲ್ಲ, ಕೆಲವರಿಗೆ ಹೆಸರೂ ಇಟ್ಟಿರಲಿಲ್ಲ. ನಮ್ಮ ತೋಳುಗಳ ಮೇಲಿರುವ ಸಿಡುಬಿನ ಅಚ್ಚು ನೋಡಿ ಮೊಮ್ಮಕ್ಕಳು ಇದೇನು ಅಂತ ಕೇಳುತ್ತಾರೆ. ಆ ಅಚ್ಚಿನಿಂದಲೇ 1977ರಲ್ಲಿ ಭಾರತ ಸಿಡುಬಿನಿಂದ ಮುಕ್ತವಾಯಿತು. ಹಳೆಯ ಕಾಲದ ಗಟ್ಟಿ ಆರೋಗ್ಯ ಅಂತ ಹೊಗಳುವವರು ಉಳಿದವರನ್ನು ಮಾತ್ರ ಎಣಿಸುತ್ತಾರೆ.

ಕಾಲ ತಿರುಗಿದ್ದು 1974ರ ಸುಮಾರಿಗೆ. ದೇವರಾಜ ಅರಸು ಅವರ ಸರ್ಕಾರದ ಭೂಸುಧಾರಣೆ ತಿದ್ದುಪಡಿ ಆ ವರ್ಷದ ಮಾರ್ಚ್ 1ರಿಂದ ಜಾರಿಗೆ ಬಂದು, ಗೇಣಿದಾರರು 'ಫಾರಂ 7' ತುಂಬಲು ತಾಲ್ಲೂಕು ಕಚೇರಿ ಮುಂದೆ ಸಾಲು ನಿಂತರು. 1975ರ ಅಕ್ಟೋಬರಿನಲ್ಲಿ ಜೀತ ಪದ್ಧತಿ ರದ್ದಾಯಿತು, ಮರುವರ್ಷ ಕಾಯ್ದೆಯಾಯಿತು. 1976ರಲ್ಲಿ ಋಣ ಪರಿಹಾರದ ಕಾಯ್ದೆ. ಎಲ್ಲವೂ ಕಾಗದದಲ್ಲಿದ್ದಷ್ಟು ನೆಟ್ಟಗೆ ನಡೆಯಲಿಲ್ಲ. ಆದರೆ ಮೂರನೇ ತರಗತಿಗೆ ಬಾರದ ನಮ್ಮ ಗೆಳೆಯ ಆ ಕೊಟ್ಟಿಗೆಯಿಂದ ಹೊರಗೆ ಬಂದ. ನಮ್ಮಲ್ಲಿ ಬಡವರ ಮಕ್ಕಳು ಕೆಲವರು ಇದಕ್ಕೂ ಮುಂಚೆಯೇ ತುಮಕೂರಿನ ಸಿದ್ಧಗಂಗಾ ಮಠಕ್ಕೆ ಸೇರಿ ಅನ್ನ, ಅಕ್ಷರ ಎರಡನ್ನೂ ಅಲ್ಲೇ ಪಡೆದರು. 2019ರ ಜನವರಿ 21ರಂದು ಶಿವಕುಮಾರ ಸ್ವಾಮಿಗಳು ಲಿಂಗೈಕ್ಯರಾದಾಗ ಊರಿನಿಂದ ಲಾರಿ ಮಾಡಿಕೊಂಡು ಹೋದವರಲ್ಲಿ ಅಲ್ಲಿ ಉಂಡವರೂ ಇದ್ದರು, ಉಣ್ಣದವರೂ ಇದ್ದರು.

ಹಾಲಿನ ಕಥೆಯೂ ಆ ವರ್ಷಗಳಲ್ಲೇ ತಿರುಗಿತು. ಗುಜರಾತಿನ ಖೇಡಾ ಜಿಲ್ಲೆಯ ರೈತರು 1946ರಲ್ಲೇ ಹಾಲಿನ ಸಹಕಾರ ಕಟ್ಟಿದ್ದರು. ನಮ್ಮ ರಾಜ್ಯದಲ್ಲಿ ಕೊಡಗಿನ ಕೂಡಿಗೆಯಲ್ಲಿ 1955ರಲ್ಲಿ ಮೊದಲ ಡೇರಿ, 1965ರಲ್ಲಿ ಬೆಂಗಳೂರು ಡೇರಿ. ವಿಶ್ವಬ್ಯಾಂಕಿನ ನೆರವಿನಿಂದ 1974-75ರಲ್ಲಿ ಕರ್ನಾಟಕ ಡೇರಿ ಅಭಿವೃದ್ಧಿ ನಿಗಮ ಶುರುವಾಗಿ ಹಳೆ ಮೈಸೂರು ಕಡೆಯ ಹಳ್ಳಿಗಳಲ್ಲಿ ಸಂಘಗಳು ಎದ್ದವು. 1984ರಲ್ಲಿ ಅದೇ ಹಾಲು ಮಹಾಮಂಡಳಿಯಾಯಿತು. ಸಹಕಾರದ ಮಾತೇನೂ ಕನ್ನಡ ನಾಡಿಗೆ ಹೊಸದಲ್ಲ. ಗದಗಿನ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಂಘ ಕಟ್ಟಿದ್ದರು. ಸಹಕಾರ ಸಪ್ತಾಹದಲ್ಲಿ ಪ್ರತಿ ವರ್ಷ ಕೇಳುತ್ತೇವೆ. ನಮ್ಮ ಊರಿಗೆ ಹಾಲಿನ ರೂಪದಲ್ಲಿ ಅದು ಬರಲು ಸುಮಾರು ಒಂದು ಶತಮಾನ ಬೇಕಾಯಿತು.

ಸಂಘ ಆಗುವ ಮುಂಚೆ ಪಕ್ಕದೂರಿನ ಡೇರಿಗೆ ಸೈಕಲ್ಲಿನಲ್ಲಿ ಕ್ಯಾನು ಕಟ್ಟಿಕೊಂಡು ಹೋಗುತ್ತಿದ್ದದ್ದು ಈಗಿನ ಐವತ್ತು ದಾಟಿದವರಿಗೆ ನೆನಪಿದೆ. ಮಳೆಗಾಲದಲ್ಲಿ ಹಳ್ಳ ಬಂದರೆ ಹಾಲು ಮನೆಗೆ ವಾಪಸ್ಸು. ಸೀಮೆಹಸು ಬಂದಾಗ ನಮ್ಮ ಹಿರಿಯರು, "ಡುಬ್ಬ ಇಲ್ಲದ ಹಸು, ಇದೂ ಒಂದು ಹಸುವಾ?" ಅಂತ ನಕ್ಕರು. ಅದು ಹೊತ್ತಿಗೆ ಎಂಟು ಹತ್ತು ಲೀಟರು ಕೊಟ್ಟಾಗ ನಗು ನಿಂತಿತು. ನಮ್ಮ ಊರಲ್ಲೇ ಸಂಘ ಆದ ಮೊದಲ ವಾರ ಇನ್ನೊಂದು ಗೊಣಗಾಟ ಕೇಳಿಬಂತು. "ಎಲ್ಲ ಕೇರಿ ಹಾಲೂ ಒಂದೇ ಕ್ಯಾನಿಗಾ?" ಹೌದು, ಒಂದೇ ಕ್ಯಾನಿಗೆ. ಯಾರು ಮೊದಲು ಬಂದರೋ ಅವರು ಮುಂದೆ. ಫ್ಯಾಟು ನೋಡುವ ಗಾಜಿನ ಕೊಳವೆಗೆ ಕೇರಿ ಗೊತ್ತಾಗುವುದಿಲ್ಲ. ಬೇಲಿಯಾಚೆ ಚೆಂಬು ಇಟ್ಟು ನಿಂತಿದ್ದ ನಮ್ಮ ಸ್ನೇಹಿತರು ಆ ಸಾಲಿನಲ್ಲಿ ಮೂರನೆಯವರಾಗಿ ನಿಂತು ಹಾಲು ಹುಯ್ದ ಬೆಳಗ್ಗೆ ಮನೆಗೆ ಹೋಗಿ ಯಾರ ಹತ್ತಿರವೂ ಮಾತಾಡಲಿಲ್ಲವಂತೆ. ಜೀತದಿಂದ ಬಂದ ಗೆಳೆಯನಿಗೆ ಇವತ್ತು ಎರಡು ಹಸು, ಪಾಸ್ ಪುಸ್ತಕ. "ಹೆಸರು ಹಾಕಬ್ಯಾಡ್ರಪ್ಪ" ಎಂದದ್ದಕ್ಕೆ ಹಾಕಿಲ್ಲ. ಪಾಸ್ ಪುಸ್ತಕದ ಮಾತು ಬಂದಾಗ ಒಂದು ಸೂಚನೆ. ಸಗಣಿ ಬಾಚುವುದು, ಮೇವು ಹಾಕುವುದು, ಕರೆಯುವುದು ಹೆಂಗಸರು, ಪುಸ್ತಕದಲ್ಲಿ ಹೆಸರು ಗಂಡಸರದ್ದು. ಇದು ಎಷ್ಟೋ ಮನೆಗಳಲ್ಲಿ ಇನ್ನೂ ಬದಲಾಗಿಲ್ಲ.

ಇಷ್ಟೆಲ್ಲ ಆದ ಮೇಲೆ ಕಳೆದುಕೊಂಡದ್ದು ಏನೂ ಇಲ್ಲವೇ ಅಂದರೆ, ಇದೆ. ಕಡಗೋಲು ಅಟ್ಟ ಸೇರಿತು. ಕರೆದ ಹಾಲು ಚೆಂಬಿನಲ್ಲಿ ತಣ್ಣಗಾಗುವ ಮೊದಲೇ ಡೇರಿಗೆ ಓಡುತ್ತದೆ. ಸಂಜೆ ಅದೇ ಮನೆಯವರು ಅಂಗಡಿಯಿಂದ ಮೊಸರಿನ ಪೊಟ್ಟಣ, ಮಜ್ಜಿಗೆ ಪೊಟ್ಟಣ ತರುವುದನ್ನು ಕಂಡಿದ್ದೇವೆ. ಹಾಲಿನ ದುಡ್ಡಿನಿಂದ ಸಾಲ ತೀರಿದೆ, ಮಕ್ಕಳು ಓದಿದ್ದಾರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಲೆಕ್ಕಕ್ಕೆ ಸಿಕ್ಕಿ ಮನೆಯ ಕೂಸಿಗೂ ಬಿಡದೆ ಪೂರ್ತಿ ಹುಯ್ಯುವ ಮನೆಗಳೂ ಇವೆ. ಹೋರಿಗರುವಿಗೆ ಕೊಟ್ಟು ನಮಗೆ ಕೊಡದ ಕಾಲದ ಹಾಗೆಯೇ ಇದೂ ಅಂತ ನಮಗೆ ಕಾಣುತ್ತದೆ.

2013ರ ಆಗಸ್ಟ್ 1ರಿಂದ ಕ್ಷೀರಭಾಗ್ಯ ಯೋಜನೆಯಲ್ಲಿ ಸರ್ಕಾರಿ ಶಾಲೆಯ ಮಕ್ಕಳಿಗೆ 150 ಮಿ.ಲೀ. ಹಾಲು ಕೊಡಲು ಶುರುವಾಯಿತು. ಅದೂ ಪುಡಿಯನ್ನು ಬಿಸಿನೀರಿಗೆ ಕಲಸಿ ಮಾಡಿದ ಹಾಲೇ. ಆದರೆ ಚೀಲದ ಮೇಲೆ ಕೈ ಕುಲುಕುವ ಚಿತ್ರ ಇಲ್ಲ, ನಂದಿನಿಯ ಹೆಸರಿದೆ. ನಮ್ಮಂಥ ಸಂಘಗಳ ಹಾಲು ಮಹಾಮಂಡಳಿಗೆ ಹೋಗಿ, ಒಣಗಿ ಪುಡಿಯಾಗಿ, ಶಾಲೆಗೆ ಬರುತ್ತದೆ. 2024ರಿಂದ ಹಾಲಿಗೆ ರಾಗಿ ಮಾಲ್ಟನ್ನೂ ಸೇರಿಸಿದರು. ನಮ್ಮೂರ ಶಾಲೆಯಲ್ಲಿ ಮಕ್ಕಳು ಕುಡಿಯುವುದನ್ನು ಹೋಗಿ ನೋಡಿದೆವು. ಹಾಲು, ರಾಗಿ ಎರಡೂ ಈ ಮಣ್ಣಿನವೇ. ಗಂಟು ಮಾತ್ರ ಹಾಗೇ ಇದೆ, ಅದಕ್ಕೆ ಜಗಳ ಆಡುವವರಿಲ್ಲ.

ಒಂದು ಪದ್ಧತಿ ಮಾತ್ರ ಉಳಿದುಕೊಂಡಿದೆ. ಹಸು ಕರು ಹಾಕಿದ ಮೊದಲ ದಿನಗಳ ಹಾಲನ್ನು ಸಂಘದಲ್ಲಿ ತೆಗೆದುಕೊಳ್ಳುವುದಿಲ್ಲ. ಕಾಯಿಸಿದರೆ ಅದು ಒಡೆಯುತ್ತದೆ. ಕಾರ್ಯದರ್ಶಿಗಳು ಎಷ್ಟು ಬೇಕಾದವರಾದರೂ ವಾಪಸ್ಸು ಕಳಿಸುತ್ತಾರೆ. ಕರು ಕುಡಿದು ಮಿಕ್ಕ ಆ ಹಾಲಿಗೆ ದರ ಇಲ್ಲ, ಚೀಟಿ ಇಲ್ಲ, ಡಿಗ್ರಿ ಇಲ್ಲ. ಅದಕ್ಕೆ ಬೆಲ್ಲ, ಏಲಕ್ಕಿ ಹಾಕಿ ಗಿಣ್ಣು ಮಾಡಿ ಬೀದಿಯ ಮನೆಮನೆಗೂ ಹಂಚುತ್ತಾರೆ. ತಂದ ಪಾತ್ರೆಯನ್ನು ಬರಿದು ಮಾಡಿ ಕಳಿಸಬಾರದು ಅಂತ ಒಂದು ಅಚ್ಚು ಬೆಲ್ಲವನ್ನೋ ಒಂದು ಹಿಡಿ ಅಕ್ಕಿಯನ್ನೋ ಹಾಕಿ ಕೊಡುತ್ತಾರೆ. ಹೋದ ತಿಂಗಳು ಕೇರಿಯಲ್ಲಿ ನಮ್ಮ ಸ್ನೇಹಿತರ ಹಸು ಕರು ಹಾಕಿತು. ಅವರ ಸೊಸೆ ಸ್ಟೀಲ್ ಡಬ್ಬಿಗಳಲ್ಲಿ ಗಿಣ್ಣು ತಂದು, ಈ ಲೇಖನ ಬರೆಯುತ್ತಾ ಕೂತಿದ್ದ ಕಟ್ಟೆಯ ಮೇಲೆಯೇ ಇಟ್ಟು ಹೋದಳು. ನಾಲ್ವರೂ ಅಲ್ಲೇ ತಿಂದು ಮುಗಿಸಿದೆವು. ಡಬ್ಬಿಗೆ ಹಾಕಿಕೊಡಲು ಆ ಹೊತ್ತಿಗೆ ಕೈಯಲ್ಲಿ ಬೆಲ್ಲ ಇರಲಿಲ್ಲ, ಎದುರು ಅಂಗಡಿಯಿಂದ ತರಿಸಿದೆವು.